ಮುಖಕ್ಕೆ ಕೈ ಮಾಡುವಂತಿಲ್ಲ

ಮದನ್ ನಂಜನಗೂಡಿನಲ್ಲಿ ಬಹಳ ಕಾಲದಿಂದ ಕರಾಟೆ ಕಲಿಸುತ್ತಿದ್ದ. ಬನ್ನೂರಿನ ಅರ್ಪಿತ ತಿ. ನರಸೀಪುರದಲ್ಲಿ ಟೇಕ್ವಾಂಡೋ ತರಗತಿ ಶುರುಮಾಡಿ, ಭಾನುವಾರಗಳಂದು ನಂಜನಗೂಡಿಗೂ ಬರತೊಡಗಿದಾಗ ಅವನ ಕೆಲವು ಮಕ್ಕಳು ಆ ಕಡೆ ವಾಲಿದರು. ಮದನ್ ಒಳಗೊಳಗೇ ಕುದಿಯುತ್ತಿದ್ದ.

ನರಸೀಪುರದ ನಿವೃತ್ತ ವ್ಯಾಯಾಮ ಮೇಷ್ಟ್ರು ದೇವರಾಜು ಎರಡೂ ಕಲೆಗಳನ್ನು ಮಕ್ಕಳಿಗೆ ತೋರಿಸಲೆಂದು ಇಬ್ಬರನ್ನೂ ಒಂದೇ ವೇದಿಕೆಗೆ ಕರೆದರು. ಮದನ್‌ಗೆ ಶಾಲೆಯಲ್ಲಿ ಆಟ ಕಲಿಸಿದವರು ಅವರೇ. ಕಲ್ಯಾಣ ಮಂಟಪದ ತುಂಬ ಮಕ್ಕಳು, ಅರ್ಪಿತಳ ಶಿಷ್ಯರೂ ಇದ್ದರು. ಮದನ್ ತನ್ನ ಅಚ್ಚುಮೆಚ್ಚಿನ ಶಿಷ್ಯೆ ತೇಜಸ್ವಿನಿಯನ್ನೂ ಕರೆತಂದಿದ್ದ. ಮೊದಲು ಮೈಕು ಹಿಡಿದವನೂ ಅವನೇ.

"ಟೇಕ್ವಾಂಡೋ ಅಂದ್ರೆ ಬೇರೇನಲ್ಲ ಕಣ್ರಪ್ಪ. ನಮ್ ಕರಾಟೇನ ಕದ್ದು ಹೆಸ್ರು ಬದಲಾಯ್ಸವ್ರೆ, ಅಷ್ಟೇ."

ಮಕ್ಕಳು ನಕ್ಕರು. ಅರ್ಪಿತಳೂ ನಕ್ಕಳು.

"ಸರ್ ಹೇಳಿದ್ರಲ್ಲಿ ನಿಜಾನೂ ಇದೆ. ಕೊರಿಯಾನ ಜಪಾನಿನವ್ರು ಆಳ್ತಿದ್ದಾಗ, ಓದೋಕೆ ಜಪಾನಿಗೆ ಹೋದೋರು ಕರಾಟೆ ಕಲ್ತು ಬಂದ್ರು. ನಮ್ಮ ಮೊದಲ ಗುರುಗಳಲ್ಲಿ ಎಷ್ಟೋ ಜನ ಅವ್ರೇ. ಆಮೇಲೆ ಒದೆತಗಳನ್ನ ತಮ್ಮದೇ ರೀತೀಲಿ ಬೆಳೆಸಿದ್ರು. ಆದ್ರೆ ಕರಾಟೆ ಬೆಳೆದಿದ್ದು ಓಕಿನಾವಾ ದ್ವೀಪದಲ್ಲಿ, ಅಲ್ಲಿಗೆ ಚೀನಾದಿಂದಾನೂ ಪಟ್ಟುಗಳು ಬಂದಿವೆ. ಇದನ್ನ ಕಳ್ಳತನ ಅಂದ್ರೆ ಎಲ್ರೂ ಕಳ್ರೇ ಆಗ್ಬೇಕಾಗುತ್ತೆ ಸರ್."

ಈ ಸಲ ಚಪ್ಪಾಳೆ ಬಿತ್ತು. ತೇಜಸ್ವಿನಿಯೂ ತಟ್ಟಿದ್ದನ್ನು ಮದನ್ ಕಂಡ.

ಆಮೇಲೆ ಇಬ್ಬರ ನಡುವೆ ಸ್ನೇಹದ ಪಂದ್ಯ. ಕರಾಟೆಯಲ್ಲಿ ಮುಖಕ್ಕೆ ಮುಷ್ಟಿ ಬೀಸಬಹುದು, ಆದರೆ ನೋಯಿಸದಂತೆ ತಡೆದು ಹಿಡಿಯಬೇಕು. ಟೇಕ್ವಾಂಡೋ ಪಂದ್ಯದಲ್ಲಿ ಮುಖಕ್ಕೆ ಕಾಲು ಎತ್ತಬಹುದು, ಮುಷ್ಟಿ ಮಾತ್ರ ಕೂಡದು. ಹಾಗಾಗಿ ಮುಖಕ್ಕೆ ಯಾರೂ ಕೈ ಮಾಡಬಾರದೆಂದು ಮೊದಲೇ ಒಪ್ಪಂದವಾಗಿತ್ತು.

ಅರ್ಪಿತಳ ಕಾಲು ಮದನ್‌ನ ಕೆನ್ನೆಯ ಹತ್ತಿರ ಬಂದು, ತಾಗದೆ ನಿಂತು, ಕೆಳಗಿಳಿಯಿತು. ಮಕ್ಕಳು ಹೋ ಎಂದು ಕೂಗಿದರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಹಾಗೇ ಆಯಿತು. ಅವಳು ತನ್ನ ಅಭ್ಯಾಸದಂತೆ ಕೈಗಳನ್ನು ಕೆಳಗಿಟ್ಟಿದ್ದಳು. ಮುಖ ತೆರೆದೇ ಇತ್ತು. ಅದು ಮದನ್‌ಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ ಅವನು ಮುಷ್ಟಿ ಬೀಸಿದ. ತಡೆದು ಹಿಡಿಯಲಿಲ್ಲ.

ಅರ್ಪಿತ ಮೂಗು ಮುಚ್ಚಿಕೊಂಡು ಕುಸಿದು ಕೂತಳು. ಬೆರಳ ಸಂದಿಯಿಂದ ರಕ್ತ ಇಳಿದು ಬಿಳಿ ಉಡುಪಿನ ಮೇಲೆ ಬಿತ್ತು.

"ಕೈ ಜಾರ್ತು..." ಎಂದ ಮದನ್.

ದೇವರಾಜು ಅವನ ತೋಳು ಹಿಡಿದು ಪಕ್ಕಕ್ಕೆ ಎಳೆದರು. "ಏನ್ಲಾ ಮಾಡ್ಬುಟ್ಟೆ? ಜಾರ್ತು ಅಂತ ನನ್ ತಾವ ಏಳ್ಬ್ಯಾಡ ಕಣ್ಲಾ. ನೋಡಿವ್ನಿ ನಾನು."

ನಂಜನಗೂಡಿಗೆ ಮರಳುವ ಬಸ್ಸಿನಲ್ಲಿ ತೇಜಸ್ವಿನಿ ಅವನ ಪಕ್ಕದಲ್ಲಿ ಕೂರಲಿಲ್ಲ. ಇಳಿಯುವಾಗ ಮಾತ್ರ ಕೇಳಿದಳು: "ಸರ್, ಸಿಟ್ಟು ಬಂದಾಗ ಕೈ ಎತ್ತಬಾರ್ದು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?" ಉತ್ತರಕ್ಕೆ ಕಾಯದೆ ಅವಳು ಹೊರಟುಹೋದಳು. ತರಗತಿಗೂ ಆಮೇಲೆ ಬರಲಿಲ್ಲ. ಮದನ್ ಮಕ್ಕಳಿಗೆ ಬೀಸಿದ ಮುಷ್ಟಿಯನ್ನು ತಡೆದು ಹಿಡಿಯುವುದನ್ನು ಹೇಳಿಕೊಡಲು ನಿಂತವನು, ಅರ್ಧಕ್ಕೇ ಬಿಟ್ಟು ಬೇರೆ ಪಾಠಕ್ಕೆ ಹೋಗುತ್ತಿದ್ದ.

ಮುಂದಿನ ವಾರ ಅವನು ನರಸೀಪುರಕ್ಕೆ ಹೋದ. ಅರ್ಪಿತ ಮೂಗಿನ ಮೇಲೆ ಪಟ್ಟಿ ಹಾಕಿಕೊಂಡೇ ಪಾಠ ಮಾಡುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು ತಗ್ಗಿದ ದನಿಯಲ್ಲಿ, "ತಪ್ಪಾಯ್ತು ಮೇಡಂ," ಎಂದ.

"ನನ್ನೊಬ್ಳಿಗೇ ಹೇಳಿದ್ರೆ ಹೇಗೆ ಸರ್? ಇವ್ರೂ ನೋಡಿದಾರಲ್ಲ," ಎಂದಳು ಅರ್ಪಿತ.

ಮಕ್ಕಳು ಅವನನ್ನೇ ನೋಡುತ್ತಿದ್ದರು. ಮದನ್ ಒಳಗೆ ಬಂದು ಅವರೆದುರು ನಿಂತ.

"ಅವತ್ತು ನನ್ ಕೈ ಜಾರ್ಲಿಲ್ಲ. ನಿಮ್ ಮೇಡಂ ಗೆಲ್ತಾ ಇದ್ರು. ಅದನ್ನ ತಡ್ಕೊಳೋಕಾಗ್ದೆ ಬೇಕಂತ್ಲೇ ಹೊಡ್ದೆ."

ಒಂದು ಹುಡುಗಿ ಪಕ್ಕದವಳ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು.

"ಕೂತ್ಕೊಳಿ ಸರ್, ನೀರು ಕುಡೀರಿ," ಎಂದಳು ಅರ್ಪಿತ. ಕ್ಷಮಿಸಿದೆ ಎನ್ನಲಿಲ್ಲ. ಅವಳು ಮಕ್ಕಳ ಕಡೆ ತಿರುಗಿ ಪಾಠ ಮುಂದುವರಿಸಿದಳು.

ಮದನ್ ಕೂರಲಿಲ್ಲ. ಹೊರಗೆ ಬಂದು ಮಕ್ಕಳ ಚಪ್ಪಲಿಗಳ ನಡುವೆ ತನ್ನದನ್ನು ಹುಡುಕಿ ಮೆಟ್ಟಿಕೊಂಡ. ತಲೆ ಎತ್ತದೆ ಬಸ್ ಸ್ಟ್ಯಾಂಡಿನ ಕಡೆ ನಡೆದ.