ಲವಂಗದ ವಾಸನೆಗೆ ಒಬ್ಬನೇ ಸಾಕ್ಷಿ

ಇಂಗ್ಲೆಂಡಿನ ನಮ್ಮ ಆಶೆನ್‌ಶಾ ಊರಿನಲ್ಲಿ ಮೂಗು ಅಂತ ಇದ್ದದ್ದು ಒಂದೇ, ಅದು ನನ್ನದು. ಉಳಿದವರ ಮುಖದ ಮೇಲಿದ್ದದ್ದು ಕನ್ನಡಕ ನಿಲ್ಲಿಸುವ ಗೂಟ. ರೈಲು ಸೇತುವೆಯ ಮೇಲೆ ನಿಂತು ಒಮ್ಮೆ ಉಸಿರೆಳೆದರೆ ಸಾಕು, ಕೆಳಗಿನ ಸಾವಿರ ಹೊಗೆಗೂಡುಗಳಲ್ಲಿ ಯಾವುದು ಯಾವ ಗಣಿಯ ಕಲ್ಲಿದ್ದಲು ಉರಿಸುತ್ತಿದೆ, ಯಾರ ಮನೆಯಲ್ಲಿ ಮೀನು ಸೀದಿದೆ, ಯಾವ ಗಂಡ ಹೆಂಡತಿಗೆ ಹೇಳದೆ ಬಿಯರು ಕುಡಿದು ಬಂದಿದ್ದಾನೆ ಎಂದು ಹೇಳಿಬಿಡುತ್ತಿದ್ದೆ. ಮೇಯರ್ ಸಾಹೇಬರು ನನ್ನ ಮೂಗಿಗೆ ವಿಮೆ ಮಾಡಿಸಲು ಹೊರಟಿದ್ದರು. ಅಷ್ಟು ದೊಡ್ಡ ಆಸ್ತಿಯ ಜವಾಬ್ದಾರಿ ನಮ್ಮಿಂದಾಗದು ಎಂದು ವಿಮೆಯವರೇ ಹಿಂದೆ ಸರಿದರು.

ಜನ ನನ್ನನ್ನು ಸುಳ್ಳುಬುರುಕ ಎನ್ನುತ್ತಿದ್ದರು. ನಾನು, ಎಜ್ರಾ ಟ್ಯಾಟರ್ಸಾಲ್, ಹುಟ್ಟಿದಂದಿನಿಂದ ಒಂದೇ ಒಂದು ಸುಳ್ಳು ಹೇಳಿದವನಲ್ಲ. ಹಿಂದಿನ ಸಾಲಿನವರಿಗೂ ಕಾಣಲಿ ಎಂದು ನಿಜವನ್ನು ಸ್ವಲ್ಪ ಎತ್ತಿ ಹಿಡಿದಿದ್ದೇನೆ, ಅಷ್ಟೆ.

ಪುರಸಭೆಯ ಆರೋಗ್ಯ ಇಲಾಖೆಯಲ್ಲಿ ನನಗೆ ಚರಂಡಿ ಪರೀಕ್ಷೆಯ ಕೆಲಸ. ಮನೆಯ ನೆಲದಡಿ ಹೋಗುವ ಕೊಳವೆ ಒಡೆದಿದೆಯೋ ಇಲ್ಲವೋ ತಿಳಿಯಬೇಕಾದರೆ ಪ್ರತಿ ಸಲ ನೆಲ ಅಗೆಯಲಾಗುತ್ತದೆಯೇ? ಅದಕ್ಕೆ ನಾವು ಇಬ್ಬರು. ಜೊತೆಗಾರ ವಿಲ್ಫ್ ಹಿತ್ತಲ ಚರಂಡಿಯ ಬಾಯಿಗೆ ಪೆಪ್ಪರ್‌ಮೆಂಟಿನ ಎಣ್ಣೆ ಸುರಿದು ಮೇಲೆ ಬಿಸಿನೀರು ಹೊಯ್ಯುತ್ತಾನೆ. ಆ ಎಣ್ಣೆ ಮುಟ್ಟಿದವನು ಮನೆಯೊಳಗೆ ಕಾಲಿಡಕೂಡದು, ಅವನ ಬಟ್ಟೆಯೇ ಘಮಘಮ ಎನ್ನುತ್ತದೆ. ಪಕ್ಕದ ಬೀದಿಯಲ್ಲಿ ಗಾಳಿಗೆ ನಿಂತಿದ್ದ ನಾನು ಆಮೇಲೆ ಒಳಗೆ ಹೋಗುತ್ತೇನೆ. ನೆಲದಿಂದ ಪೆಪ್ಪರ್‌ಮೆಂಟು ಎದ್ದುಬಂದರೆ ಕೊಳವೆ ಒಡೆದಿದೆ ಎಂದು ಅರ್ಥ. ಪರೀಕ್ಷೆಯ ಹಿಂದಿನ ದಿನದಿಂದ ನನಗೆ ಈರುಳ್ಳಿಯಿಲ್ಲ, ತಂಬಾಕಿಲ್ಲ, ಬಿಯರಿಲ್ಲ. ಯಾವ ಪಾದ್ರಿಯೂ ಅಷ್ಟು ಕಟ್ಟುನಿಟ್ಟಾಗಿ ಬದುಕಿರಲಿಕ್ಕಿಲ್ಲ.

ಎರಡನೇ ಮಹಾಯುದ್ಧ ಮುಗಿದು ಐದು ವರ್ಷವಾಗಿದ್ದರೂ ಸಕ್ಕರೆ, ಮಿಠಾಯಿ ಇನ್ನೂ ರೇಷನ್ನಿನಲ್ಲೇ ಇದ್ದ ಕಾಲವದು. ಪಿಂಡರ್ ಬೀದಿಯ ಎಡ್ನಾ ವಾಮ್ಸ್ಲಿಯ ಮಗು ಬೆರಿಲ್ ವಾಂತಿಭೇದಿಯಿಂದ ಹಿಂಡಿ ಹಾಕಿದ ಬಟ್ಟೆಯಂತಾಗಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ಸೇರಿತ್ತು. ಗಂಡ ಸರಕು ಹಡಗಿನಲ್ಲಿ, ಎಲ್ಲಿದ್ದಾನೋ ಅವನಿಗೇ ಗೊತ್ತಿಲ್ಲ. ಮನೆಯಲ್ಲಿ ಎಡ್ನಾ ಮತ್ತು ಅವಳ ಅತ್ತೆ, ಮುದುಕಿ ಥರ್ಜಾ. ಆ ಆಸ್ಪತ್ರೆಯಲ್ಲಿ ತಾಯಿಯಾದವಳೂ ಒಳಗೆ ಹೋಗುವಂತಿಲ್ಲ. ಎಡ್ನಾ ದಿನಾ ಗಿರಣಿ ಬಿಟ್ಟ ಮೇಲೆ ಹೋಗಿ ಹೊರಗಿನ ಹೂಪಾತಿಯಲ್ಲಿ ನಿಂತು ಕಿಟಕಿಯ ಗಾಜಿನಿಂದ ಮಗುವನ್ನು ನೋಡಿ ಬರುತ್ತಿದ್ದಳು. ಮಗು ಚೇತರಿಸಿಕೊಂಡಿತು. ಆದರೆ ರೋಗ ತಂದ ಮನೆಗೇ ಮತ್ತೆ ಕಳಿಸುವುದಿಲ್ಲ ಎಂದರು.

ಎಡ್ನಾ ಹೇಳುತ್ತಿದ್ದುದು ಇಷ್ಟು: ಅಡುಗೆಮನೆಯ ಕೆಳಗೆ ಚರಂಡಿ ಒಡೆದಿದೆ, ಹಾಲಿಡುವ ಮೂಲೆಯಲ್ಲಿ ಕಲ್ಲು ಸದಾ ಒದ್ದೆ. ಮನೆಮಾಲೀಕನ ಪರವಾಗಿ ಬಾಡಿಗೆ ವಸೂಲಿ ಮಾಡುತ್ತಿದ್ದ ಕ್ರಾನ್‌ಶಾ ಹೇಳುತ್ತಿದ್ದುದು ಬೇರೆ: ಚರಂಡಿ ಗಟ್ಟಿಯಾಗಿದೆ, ಹೆಂಗಸೇ ಕೊಳಕಿ. ಗುರುವಾರ ಪುರಸಭೆಯ ಆರೋಗ್ಯ ಸಮಿತಿ ಕೂರುವುದಿತ್ತು. ಚರಂಡಿ ಒಡೆದಿದ್ದರೆ ಮಾಲೀಕ ರಿಪೇರಿ ಮಾಡಿಸಬೇಕು, ಮಗು ಮನೆಗೆ ಬರುತ್ತದೆ. ಒಡೆದಿಲ್ಲವೆಂದರೆ ಮನೆ ಕೊಳಕೆಂದು ತೀರ್ಮಾನವಾಗಿ ಮಗುವನ್ನು ಕೌಂಟಿಯ ಅನಾಥಾಲಯಕ್ಕೆ ಕೊಡುತ್ತಾರೆ.

ಬುಧವಾರ ಬೆಳಿಗ್ಗೆ ವಿಲ್ಫ್ ಎಣ್ಣೆ ಸುರಿದು ಸನ್ನೆ ಮಾಡಿದ. ನಾನು ಹೋಗಿ ಬಾಗಿಲು ತೆರೆದೆ. ಪೆಪ್ಪರ್‌ಮೆಂಟು ಮುಖಕ್ಕೆ ಗುದ್ದಿತು. ಆದರೆ ಅದು ನೆಲದ ಕಡೆಯಿಂದ ಬಂದದ್ದಲ್ಲ. ಒಲೆಯ ಪಕ್ಕದ ಕುರ್ಚಿಯಲ್ಲಿ ಥರ್ಜಾ ಅಜ್ಜಿ ಎರಡೂ ಕೆನ್ನೆ ಉಬ್ಬಿಸಿಕೊಂಡು ಕೂತಿದ್ದಳು. ಮಡಿಲಲ್ಲಿ ಕಾಗದದ ಪೊಟ್ಟಣ.

"ಅಜ್ಜಿ, ಬಾಯಲ್ಲೇನು?"

"ಪೆಪ್ಪರ್‌ಮೆಂಟು ಕಣೋ ಮಗಾ. ತಗೋ ನೀನೂ ಒಂದು. ಮಿಸ್ಟರ್ ಕ್ರಾನ್‌ಶಾ ತಂದ್ಕೊಟ್ರು, ಪುಣ್ಯಾತ್ಮ."

ಕ್ರಾನ್‌ಶಾ ಅಲ್ಲೇ ಬಾಗಿಲ ಪಕ್ಕ ಟೋಪಿ ಹಿಡಿದು ನಿಂತಿದ್ದ. ಸಾಕ್ಷಿಗೆ ನಿಲ್ಲುವ ಹಕ್ಕು ಮಾಲೀಕನ ಕಡೆಯವರಿಗೆ ಇತ್ತು. ಅವನ ಬಾಯಲ್ಲೂ ಒಂದು ಕಡೆಯಿಂದ ಇನ್ನೊಂದು ಕಡೆಗೆ ಏನೋ ಉರುಳುತ್ತಿತ್ತು. ಈ ಮನುಷ್ಯ ಇಪ್ಪತ್ತು ವರ್ಷದಲ್ಲಿ ಆ ಬೀದಿಗೆ ಒಂದು ಮೊಳೆಯನ್ನೂ ಬಿಟ್ಟಿ ಕೊಟ್ಟವನಲ್ಲ. ತನ್ನ ತಿಂಗಳ ರೇಷನ್ ಮಿಠಾಯಿಯನ್ನು ಬಾಡಿಗೆಮನೆಯ ಮುದುಕಿಗೆ ಕೊಟ್ಟಿದ್ದ.

"ಮೂಸಿ ನೋಡಿ ಟ್ಯಾಟರ್ಸಾಲ್," ಎಂದ. "ಊರಿಗೇ ದೊಡ್ಡ ಮೂಗಲ್ವೇ ನಿಮ್ಮದು? ನನಗಂತೂ ಅಜ್ಜಿ ಬಾಯಿಂದ ಬರೋದೊಂದೇ ಗೊತ್ತಾಗ್ತಿದೆ."

ಎಡ್ನಾ ಸೊಂಟಕ್ಕೆ ಕಟ್ಟಿದ ಏಪ್ರನ್ನಿನಲ್ಲಿ ಕೈ ಒರೆಸುತ್ತ ನನ್ನನ್ನೂ ಅತ್ತೆಯನ್ನೂ ನೋಡಿದಳು. ಅವಳಿಗೆ ಅರ್ಥವಾಯಿತು. ಅತ್ತೆಗೆ ಅರ್ಥವಾಗಲು ಇನ್ನೊಂದು ಗಳಿಗೆ ಬೇಕಾಯಿತು.

"ನಾನು ಬಾಯಿ ತೊಳ್ಕೊಂಡ್ರೆ ಆಗುತ್ತಾ?" ಎಂದು ಅಜ್ಜಿ ಕೇಳಿದಳು.

"ಈ ಪರದೆ, ಈ ಶಾಲು ಎಲ್ಲಾ ವಾಸನೆ ಹಿಡ್ಕೊಂಡಿವೆ ಅಜ್ಜಿ. ಒಂದು ವಾರ ಗಾಳಿಗೆ ಬಿಡ್ಬೇಕು."

"ಸಮಿತಿ ನಾಳೆ," ಎಂದಳು ಎಡ್ನಾ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕೈಚೆಲ್ಲುತ್ತಿದ್ದರು. ನನ್ನ ತಲೆ ಮೂಗಿಗಿಂತ ಒಂದು ಕೂದಲೆಳೆಯಷ್ಟೇ ಚಿಕ್ಕದು. ಓಡಿದೆ. ಆ ದಿನ ನಾನು ಓಡಿದ ವೇಗಕ್ಕೆ ಮಾರ್ಕೆಟ್ ಬೀದಿಯಲ್ಲಿ ಟ್ರಾಮು ಹಿಂದೆ ಬಿತ್ತು, ಪೊಲೀಸನೊಬ್ಬ ಗಾಡಿ ನಂಬರು ಬರೆದುಕೊಳ್ಳಲು ನನ್ನ ಬೆನ್ನ ಮೇಲೆ ಹುಡುಕಿದ. ಹಲ್ಲಿನ ಡಾಕ್ಟರಿಂದ ಬಿರಡೆ ಬಿಗಿದ ಒಂದು ಸೀಸೆ ಲವಂಗದೆಣ್ಣೆ ತಂದು ಹಿತ್ತಲ ಬಾಗಿಲಾಚೆಯಿಂದಲೇ ವಿಲ್ಫ್‌ನ ಕೈಗೆ ಎಸೆದು, ಬೀದಿಯ ತುದಿಯಲ್ಲಿ ಗಾಳಿಗೆ ನಿಂತೆ. ಅವನು ಸುರಿದ. ಬಿಸಿನೀರು ಹೊಯ್ದ. ನಾನು ಒಳಗೆ ಹೋಗಿ ಮಂಡಿಯೂರಿ ನೆಲದ ಉದ್ದಕ್ಕೂ ಮೂಗು ಎಳೆದೆ. ಹಾಲಿಡುವ ಮೂಲೆಯಲ್ಲಿ, ಎರಡು ಚಪ್ಪಡಿ ಸೇರುವ ಸಂದಿಯಲ್ಲಿ, ಪೆಪ್ಪರ್‌ಮೆಂಟಿನ ಅಡಿಯಿಂದ ಅದು ಬಂತು. ಲವಂಗ.

"ಲವಂಗ," ಎಂದೆ.

ಕ್ರಾನ್‌ಶಾ ಬಗ್ಗಿ ಮೂಸಿದ. "ಪೆಪ್ಪರ್‌ಮೆಂಟು," ಎಂದ.

ಎಡ್ನಾ ನೆಲಕ್ಕೆ ಕೆನ್ನೆ ತಾಗಿಸಿ ಮೂಸಿದಳು. ತಿಂಗಳುಗಟ್ಟಲೆ ಬ್ಲೀಚು ಹಾಕಿ ಆ ನೆಲ ಉಜ್ಜಿದ್ದ ಹೆಂಗಸು, ಅವಳ ಮೂಗು ಯಾವಾಗಲೋ ಸುಟ್ಟುಹೋಗಿತ್ತು. ಎದ್ದು ತಲೆಯಾಡಿಸಿದಳು. ಅಜ್ಜಿಗಂತೂ ಹತ್ತು ವರ್ಷದಿಂದ ಯಾವ ವಾಸನೆಯೂ ತಿಳಿಯದು.

"ಹಾಗಿದ್ರೆ ಲವಂಗಕ್ಕೆ ಸಾಕ್ಷಿ ನೀವೊಬ್ರೇ," ಎಂದ ಕ್ರಾನ್‌ಶಾ. ಟೋಪಿ ಹಾಕಿಕೊಂಡ. "ಸಮಿತಿಗೆ ಹೇಳಿ. ನಿಮ್ಮ ಮಾತನ್ನ ಅವರು ಎಷ್ಟು ನಂಬ್ತಾರೆ ಅಂತ ನನಗೂ ನೋಡೋ ಆಸೆ."

ಆರೋಗ್ಯಾಧಿಕಾರಿ ಡಾಕ್ಟರ್ ಫೇರ್‌ಹರ್ಸ್ಟ್ ಕೆಟ್ಟವರಲ್ಲ. ನಾನು ಹೇಳಿದ್ದನ್ನು ಪೂರ್ತಿ ಕೇಳಿ ಕನ್ನಡಕ ತೆಗೆದಿಟ್ಟರು.

"ಎಜ್ರಾ, ಹೋದ ತಿಂಗಳು ಇದೇ ಕುರ್ಚೀಲಿ ಕೂತು ಪಕ್ಕದ ಊರಲ್ಲಿ ಗ್ಯಾಸ್ ಸೋರ್ತಿದೆ ಅಂದೆ."

"ಸೋರ್ತಿತ್ತು ಸಾರ್."

"ಅದು ನಮ್ಮ ಆಫೀಸಿನ ಬೆಕ್ಕಿನ ಗಲೀಜು. ಈ ಬೀರು ಹಿಂದೆ."

"ಅದೂ ಇತ್ತು ಸಾರ್."

"ಬಿಷಪ್ಪರು ಬಂದಾಗ ಅವರು ಮೂರು ದಿನದ ಹಿಂದೆ ಏನು ಊಟ ಮಾಡಿದ್ರು ಅಂತ ಹೇಳಿದೆ. ಅವರು ಅಲ್ಲ ಅಂದ್ರು."

"ಬಿಷಪ್ಪರು ಹಾಗೆಲ್ಲ ಒಪ್ಕೋತಾರಾ ಸಾರ್?"

ಅವರು ನಗಲಿಲ್ಲ. "ನಾನು ನಿನ್ನ ನಂಬಬಹುದು. ಆದ್ರೆ ನಾಳೆ ಸಮಿತೀಲಿ ನಿನ್ನ ಹೆಸರು ಹೇಳಿದ ತಕ್ಷಣ ಅಷ್ಟೂ ಜನ ನಗ್ತಾರೆ. ನಕ್ಕ ಮೇಲೆ ಆ ಹೆಂಗಸಿನ ವಿರುದ್ಧ ಕೈ ಎತ್ತುತ್ತಾರೆ. ಬೇರೆ ಏನಾದ್ರೂ ಸಾಕ್ಷಿ ತಂದ್ಕೊಡು."

"ನೆಲ ಎತ್ತಿ ನೋಡೋಣ ಸಾರ್."

"ಮಾಲೀಕನ ಒಪ್ಪಿಗೆ ಇಲ್ದೆ ನಮಗೆ ಹಕ್ಕಿಲ್ಲ. ಆದೇಶ ತರೋಕೆ ಸಮಿತೀನೇ ಬೇಕು."

ಪಿಂಡರ್ ಬೀದಿಗೆ ವಾಪಸು ಹೋದೆ. ಹೋಗುವಾಗ ಓಡಲಿಲ್ಲ. ಎಡ್ನಾ ಬಕೆಟ್ಟಿನ ಪಕ್ಕ ಮಂಡಿಯೂರಿ ಅದೇ ಮೂಲೆಯನ್ನು ಮತ್ತೆ ಉಜ್ಜುತ್ತಿದ್ದಳು. ಗೆಣ್ಣುಗಳೆಲ್ಲ ಬಿರಿದು ಕೆಂಪಾಗಿದ್ದವು. ಡಾಕ್ಟರು ಹೇಳಿದ್ದನ್ನು ಹೇಳಿದೆ. ಬಿಷಪ್ಪರ ವಿಷಯ ಬಿಟ್ಟೆ.

ಅವಳು ಬ್ರಷ್ಷು ಕೆಳಗಿಟ್ಟಳು. "ಒಂದು ಕೇಳ್ತೀನಿ ಮಿಸ್ಟರ್ ಟ್ಯಾಟರ್ಸಾಲ್. ಲವಂಗ ನಿಜವಾಗ್ಲೂ ಬಂತಾ?"

"ಬಂತಮ್ಮ."

"ಎಷ್ಟು ಬಂತು?"

ಹಡಗುಗಟ್ಟಲೆ ಲವಂಗ ಎನ್ನಬಹುದಿತ್ತು. ಜಂಜಿಬಾರಿನ ಲವಂಗದ ತೋಟ ಪೂರ್ತಿ ನಿನ್ನ ಅಡುಗೆಮನೆಯ ಕೆಳಗಿದೆ ಎನ್ನಬಹುದಿತ್ತು. ಬಾಯಿಗೂ ಬಂದಿತ್ತು.

"ಸ್ವಲ್ಪ," ಎಂದೆ. "ಆ ಸಂದೀಲಿ."

ಅವಳು ನನ್ನ ಮುಖವನ್ನೇ ನೋಡಿದಳು. ಎದ್ದು ಒಲೆ ಕೆದಕುವ ಕಬ್ಬಿಣದ ಸಲಾಕೆ ತಂದಳು.

"ಚಪ್ಪಡಿ ಎತ್ತಿದ್ರೆ ಕ್ರಾನ್‌ಶಾ ನಿನ್ನ ಮನೆ ಬಿಡಿಸ್ತಾನೆ ಕಣಮ್ಮ. ನೆಲ ಒಡೆದಳು ಅಂತ ಕೋರ್ಟಿಗೆ ಹೋಗ್ತಾನೆ."

"ಗೊತ್ತು."

"ಅಲ್ಲಿ ಏನೂ ಇಲ್ದೆ ಹೋದ್ರೆ?"

"ಇದೆ ಅಂದ್ರಲ್ಲ ನೀವು," ಎಂದಳು. ಸಲಾಕೆಯನ್ನು ಸಂದಿಗೆ ತುರುಕಿದಳು.

ನಾಲ್ಕು ಕುದುರೆ ಕಟ್ಟಿ ಎಳೆದರೂ ಅಲುಗದ ಆ ಚಪ್ಪಡಿಯನ್ನು ನಾನು ಕಿರುಬೆರಳಲ್ಲಿ ಎತ್ತಿದೆ. ಇನ್ನೊಂದು ಕಡೆ ಎಡ್ನಾ ಸಲಾಕೆಯ ಮೇಲೆ ಮೈಯೆಲ್ಲ ಹಾಕಿ ನಿಂತಿದ್ದಳು ಎಂಬುದನ್ನೂ ಹೇಳಬೇಕು. ಆ ಬೆರಳು ಇವತ್ತಿಗೂ ನೆಟ್ಟಗಾಗಿಲ್ಲ, ಬಂದವರಿಗೆಲ್ಲ ತೋರಿಸುತ್ತೇನೆ.

ಕೆಳಗೆ ಕೊಳವೆ ಎರಡು ತುಂಡಾಗಿ ಬಿದ್ದಿತ್ತು. ಸುತ್ತ ಮಣ್ಣು ಕರಗಿ ಕಪ್ಪು ರಾಡಿಯಾಗಿತ್ತು. ಇಡೀ ಬೀದಿಯ ಹೊಲಸು ಮಗುವಿನ ಹಾಲಿಡುವ ಜಾಗದಿಂದ ಒಂದು ಗೇಣು ಕೆಳಗೆ ನಿಂತಿತ್ತು. ಅದರ ಮೇಲೆ ತೆಳ್ಳಗೆ ಎಣ್ಣೆ ಹೊಳೆಯುತ್ತಿತ್ತು. ಎಡ್ನಾ ಬಾಯಿಗೆ ಏಪ್ರನ್ ಒತ್ತಿಕೊಂಡಳು.

ಹತ್ತು ವರ್ಷದಿಂದ ಯಾವ ವಾಸನೆಯೂ ತಿಳಿಯದಿದ್ದ ಥರ್ಜಾ ಅಜ್ಜಿ ಕುರ್ಚಿಯಿಂದ ತಲೆಯೆತ್ತಿ ಮೂಗರಳಿಸಿದಳು. "ಯಾರಿಗ್ರೋ ಹಲ್ಲುನೋವು?" ಎಂದು ಕೇಳಿದಳು.

ಡಾಕ್ಟರ್ ಫೇರ್‌ಹರ್ಸ್ಟ್ ಸಂಜೆ ಚಹದ ಹೊತ್ತಿಗೆ ಬಂದರು. ಒಳ್ಳೆಯ ಪ್ಯಾಂಟಿನಲ್ಲೇ ಆ ಗುಂಡಿಯ ಪಕ್ಕ ಮಂಡಿಯೂರಿ ನೋಡಿದರು. ಎದ್ದಾಗ ಎಡ್ನಾಳ ಕೈ ಕುಲುಕಿದರು. ಮರುದಿನ ಸಮಿತಿಯಲ್ಲಿ ನನ್ನ ಹೆಸರು ಬರಲೇ ಇಲ್ಲ. ಇಲ್ಲದಿದ್ದರೆ ಪುರಸಭೆಯ ಮುಂದೆ ನನ್ನ ಪ್ರತಿಮೆ ನಿಲ್ಲಬೇಕಿತ್ತು, ಕಲ್ಲೂ ನೋಡಿಟ್ಟಿದ್ದರು. ಚರಂಡಿ ರಿಪೇರಿಗೆ ಆದೇಶವಾಯಿತು. ಕ್ರಾನ್‌ಶಾ ಮಾಡಿಸಿದ, ಹೊಸ ಕೊಳವೆ, ಹೊಸ ಚಪ್ಪಡಿ, ಎಲ್ಲ ಅಚ್ಚುಕಟ್ಟು. ಆಮೇಲೆ ನೆಲ ಒಡೆದ ತಪ್ಪಿಗೆ ಎಡ್ನಾಳ ಮೇಲೆ ಕೋರ್ಟಿಗೆ ಹೋದ. ಕೋರ್ಟು ಅವನ ಮಾತನ್ನು ಎತ್ತಿಹಿಡಿಯಿತು. ಆ ಗಟ್ಟಿ ಚರಂಡಿಯ ಮನೆಗೆ ಹೆಚ್ಚು ಬಾಡಿಗೆಗೆ ಬೇರೆಯವರು ಬಂದರು.

ಎಡ್ನಾ ಕಾಲುವೆಯ ಆಚೆ ಅಣ್ಣನ ಮನೆಯ ಮಹಡಿಯ ಒಂದು ಕೋಣೆ ಸೇರಿದಳು. ಸಾಮಾನಿನ ಕೈಗಾಡಿ ತಳ್ಳಿದವರು ನಾನು, ವಿಲ್ಫ್. ಮೇಲೆ ಕುರ್ಚಿ, ಕುರ್ಚಿಯ ಮೇಲೆ ಅಜ್ಜಿ. ಪಿಂಡರ್ ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡಿದರು. "ಅವಳ ಮಗೂನ ಆರೋಗ್ಯದವರು ಇಟ್ಕೊಂಡಿದ್ರಲ್ಲ, ಸುಮ್ನೆ ಇಟ್ಕೋತಾರಾ," ಎಂದು ಒಬ್ಬಳು ಇನ್ನೊಬ್ಬಳಿಗೆ ಹೇಳಿದ್ದು ನಮಗೂ ಕೇಳಿಸಿತು. ಎಡ್ನಾ ತಿರುಗಿ ನೋಡಲಿಲ್ಲ.

ಮಗು ಆ ಕೋಣೆಗೇ ಬಂತು. ನಾನು ನೋಡಲು ಹೋದೆ. ಕೋಣೆಯಲ್ಲಿ ಬ್ಲೀಚು ಕಣ್ಣಿಗೆ ಹತ್ತುವಷ್ಟಿತ್ತು. ಹಾಲಿನ ಜಗ್ಗಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ತಟ್ಟೆ, ತಟ್ಟೆಯ ಮೇಲೆ ಇನ್ನೊಂದು ಬಟ್ಟೆ. ಎಡ್ನಾ ಕುಳಿತಿರಲಿಲ್ಲ. ನನಗೆ ಕುರ್ಚಿ ತೋರಿಸಲೂ ಇಲ್ಲ.

"ಮೂಸಿ ನೋಡಿ," ಎಂದಳು.

ನಾಲ್ಕು ಮೂಲೆಯೂ ಮೂಸಿದೆ. "ಏನೂ ಇಲ್ಲಮ್ಮ. ಅರಮನೆಗಿಂತ ಚೊಕ್ಕಟ."

"ಮಗೂನ ಮೂಸಿ."

ಬೆರಿಲ್‌ಳ ನೆತ್ತಿಗೆ ಮೂಗು ಹಚ್ಚಿದೆ. ಆಸ್ಪತ್ರೆಯ ಸೋಪು, ಅದರ ಕೆಳಗೆ ಮಗು. "ಏನೂ ಇಲ್ಲ."

ಅವಳು ಮತ್ತೆ ಬ್ರಷ್ಷು ತಗೊಂಡಳು.

ಆಮೇಲೆ ಪ್ರತಿ ಶನಿವಾರ ಹೋಗುವುದು ವಾಡಿಕೆಯಾಯಿತು. ಪ್ರತಿ ಸಲವೂ ಮೂಸುತ್ತಿದ್ದೆ, ಪ್ರತಿ ಸಲವೂ ಚೊಕ್ಕಟ ಎನ್ನುತ್ತಿದ್ದೆ. ಇಂಗ್ಲೆಂಡಿನಲ್ಲೇ ಇಂಥ ಕೋಣೆಯಿಲ್ಲ ಎಂದೆ. ರಾಜಮನೆತನದವರು ಬಂದು ಕಲಿಯಬೇಕು ಎಂದೆ. ಅವಳ ಗೆಣ್ಣಿನ ಬಿರುಕುಗಳಿಂದ ರಕ್ತ ಬರಲು ಶುರುವಾಗಿತ್ತು. ಒಂದು ಶನಿವಾರ ಅಜ್ಜಿ ನನ್ನನ್ನು ಮೆಟ್ಟಿಲವರೆಗೂ ಕಳಿಸಲು ಬಂದಳು.

"ನೀನು ಚೆನ್ನಾಗಿದೆ ಚೆನ್ನಾಗಿದೆ ಅಂದಷ್ಟೂ ಅವಳು ಉಜ್ತಾಳೆ ಕಣೋ ಮಗಾ. ನಿನ್ನ ಮಾತು ಯಾರು ನಂಬ್ತಾರೆ?"

"ಲವಂಗ ನಂಬಿದಳಲ್ಲ ಅಜ್ಜಿ."

"ಅದು ಕೆಟ್ಟ ಸುದ್ದಿ, ಅದಕ್ಕೇ ನಂಬಿದ್ಲು," ಎಂದಳು ಅಜ್ಜಿ.

ಮುಂದಿನ ಶನಿವಾರ ಎಡ್ನಾ ಎಂದಿನಂತೆ ಕೋಣೆಯ ನಡುವೆ ನಿಂತಳು. ನಾನು ಗೋಡೆಯ ಬುಡ ಮೂಸಿದೆ, ಹಾಸಿಗೆಯ ಕೆಳಗೆ ಮೂಸಿದೆ, ಹಾಲಿನ ಜಗ್ಗು ಮೂಸಿದೆ. ಕಿಟಕಿಯ ಹತ್ತಿರ ಬಂದು ನಿಂತು ಹುಬ್ಬು ಗಂಟಿಕ್ಕಿದೆ.

"ಏನು?" ಎಂದಳು. ಬ್ರಷ್ಷು ಹಿಡಿದ ಕೈ ನಿಂತಿತು.

"ಇಲ್ಲಿ ಸ್ವಲ್ಪ ಬರ್ತಿದೆ."

"ಏನು ಬರ್ತಿದೆ?"

"ಕೆಟ್ಟ ವಾಸನೆ. ನಿಮ್ಮದಲ್ಲ. ಪಕ್ಕದ ಮನೇಲಿ ಹಳೇ ಕೋಸು ಬೇಯಿಸ್ತಿದಾರೆ, ಈ ಸಂದೀಲಿ ಒಳಗೆ ಬರುತ್ತೆ. ಉಳಿದ ಕಡೆ ಏನಿಲ್ಲ."

ಎಡ್ನಾ ಬಂದು ಕಿಟಕಿಯ ಸಂದಿಗೆ ಕೈಯಿಟ್ಟು ನೋಡಿದಳು. ಪಕ್ಕದ ಮನೆಯ ಕಡೆಗೊಮ್ಮೆ ನೋಡಿದಳು.

"ಅವರು ಹಂಗೇ," ಎಂದಳು. ಕಿಟಕಿ ಎಳೆದು ಬಿಗಿಯಾಗಿ ಮುಚ್ಚಿದಳು. ಆಮೇಲೆ ಬ್ರಷ್ಷನ್ನು ಬಕೆಟ್ಟಿನಲ್ಲಿಟ್ಟು, ಮಗುವನ್ನು ಎತ್ತಿಕೊಂಡು ಕುರ್ಚಿಯ ಮೇಲೆ ಕೂತಳು.

ಪಕ್ಕದ ಮನೆ ಖಾಲಿಯಿತ್ತು. ಬೀಗ ಹಾಕಿ ಎರಡು ತಿಂಗಳಾಗಿತ್ತು.