ಹಾಲುಕ್ಕಿದ ಹಾಡು

ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಗ್ರೀಸು ಬಿಡಲಿಲ್ಲ. ಹೆಂಡತಿ ಬಟ್ಟೆಯನ್ನು ಮತ್ತೆ ಸೋಪಿನ ನೀರಿಗೆ ಅದ್ದಿ, ಗಂಡನ ತಣ್ಣನೆಯ ಹೆಬ್ಬೆರಳು ಹಿಡಿದಳು. ಊರವರ ಲಿಫ್ಟುಗಳನ್ನೆಲ್ಲ ರಿಪೇರಿ ಮಾಡಿದ ಕೈ. ಇನ್ನು ಸ್ವಲ್ಪ ಹೊತ್ತಿಗೆ ಮಣ್ಣಿಗೆ ಹೋಗಬೇಕು.

ಬಾಗಿಲ ಬಳಿ ಅಭಿಮಾನಿಗಳ ಜಗಳ ಏರಿತ್ತು. ಬದುಕಿದ್ದಾಗ ಯಾವ ಕಂಪನಿಯೂ ಒಂದು ಆಲ್ಬಮ್ಮನ್ನೂ ಬಿಡುಗಡೆ ಮಾಡದ ರ‍್ಯಾಪ್ ಹಾಡುಗಾರನಿಗೆ ಸತ್ತ ದಿನ ಅಭಿಮಾನಿಗಳು! ಅವನು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವನ ತಮ್ಮ, ಅವಳ ಮೈದುನ, ಒಂದು ಮಾತೂ ಕೇಳದೆ ಎರಡು ಆಲ್ಬಮ್ಮುಗಳನ್ನು ಊರಿಗೆಲ್ಲ ಹಂಚಿದ್ದ.

"ಮೊದಲನೇದೇ ಸರಿ. ಎರಡನೇದರಲ್ಲಿ ಬೀಟೇ ಬಿದ್ದೋಗಿದೆ," ಎಂದ ಗಡ್ಡದವನು.

"ನಿಮ್ಮ ಕಿವೀಲಿ ಹತ್ತಿ ಇದೆಯಾ? ಸಿಟ್ಟಿರೋದೇ ಎರಡನೇದರಲ್ಲಿ," ಎಂದಳು ಹೆಡ್‌ಫೋನಿನ ಹುಡುಗಿ. "ರೆಕಾರ್ಡಿಂಗ್ ಮಾತ್ರ ಕಳಪೆ. ಬರೀ ಮನೆ ಸದ್ದು."

"ಮೂರನೇದು ಕೇಳಿ, ಆಮೇಲೆ ಮಾತಾಡಿ," ಎಂದು ಮೈದುನ, ತಾನೇ ಹಾಡಿದವನ ಹಾಗೆ ಎದೆಯುಬ್ಬಿಸಿದ.

ಹೆಂಡತಿಯ ಕೈ ನಿಂತಿತು. ಮೂರನೆಯದರಲ್ಲಿ ಅವಳೂ ಇದ್ದಳು.

*

ಅಂದು ಗಂಡ ಹೊರಗಿನ ಸದ್ದು ಬಾರದಿರಲೆಂದು ಬಟ್ಟೆಬೀರುವಿನೊಳಗೆ ಕೂತು ರೆಕಾರ್ಡ್ ಮಾಡುತ್ತಿದ್ದ. ಹೊರಗೆ ಬಟ್ಟೆ ಒಣಹಾಕುತ್ತಿದ್ದವಳು ಕೂಗಿದಳು: "ಒಲೆ ಮೇಲೆ ಹಾಲಿದೆ, ನೋಡ್ರೀ!"

"ನೋಡ್ತಾನೇ ಇದೀನಿ ಕಣೇ!" ಬೀರುವಿನ ಕತ್ತಲೊಳಗಿಂದ ಶುದ್ಧ ಸುಳ್ಳು.

ಚುಂಯ್ ಎಂದು ಹಾಲು ಉಕ್ಕಿತು. ಇಬ್ಬರೂ ಬಿದ್ದು ಬಿದ್ದು ನಕ್ಕರು. ಅದೆಲ್ಲ ಹಾಡಿನ ನಡುವೆ ಹಾಗೇ ಕೂತುಬಿಟ್ಟಿತು.

"ಆ ಹಾಲಿನ ಗಲಾಟೆ ತೆಗೀರಿ, ನಾಳೇನೇ ಬಿಡುಗಡೆ," ಎಂದಿದ್ದ ಆಲ್ಬಮ್ ಕಂಪನಿಯವನು.

"ಅದನ್ನ ತೆಗೆದ್ರೆ ಉಳಿಯೋದು ನನ್ನ ಬಡಾಯಿ ಅಷ್ಟೇ," ಎಂದು ಅವನು ಎದ್ದು ಬಂದಿದ್ದ. ಮರುದಿನ ಮತ್ತೆ ಲಿಫ್ಟು, ಮತ್ತೆ ಗ್ರೀಸು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವೆಂದು ಅವಳು ಎಷ್ಟೋ ದಿನ ಮಾತು ಬಿಟ್ಟಿದ್ದಳು. ಈಗ ಆ ಸುಳ್ಳನ್ನು ಇನ್ನೊಂದೇ ಒಂದು ಸಲ ಕೇಳಿದರೆ ಸಾಕಿತ್ತು.

*

ಮೈದುನನ ಫೋನಿನಲ್ಲಿ ಆ ಹಾಡು ಶುರುವಾಯಿತು. ಅವಳು ಉಸಿರು ಬಿಗಿಹಿಡಿದಳು. ಈ ಸಾಲು ಮುಗಿದರೆ ತಾನು ಕೂಗುತ್ತೇನೆ, ಅವನು ಓಗೊಡುತ್ತಾನೆ. ಸಾಲು ಮುಗಿಯಿತು. ಬೆನ್ನಿಗೇ ಮುಂದಿನ ಸಾಲು ಬಂತು. ಹಾಲೂ ಇಲ್ಲ, ಅವಳೂ ಇಲ್ಲ.

"ಎಷ್ಟು ಕ್ಲೀನು! ಮೂರರಲ್ಲಿ ಇದೇ ಬೆಸ್ಟು," ಎಂದ ಗಡ್ಡದವನು. ಹುಡುಗಿಯೂ ಮೊದಲ ಸಲ ತಲೆಯಾಡಿಸಿದಳು.

"ನಡುವೆ ನಾನು ಕೂಗೋದಿತ್ತಲ್ಲ?" ಎಂದು ಅವಳು ಮೈದುನನನ್ನು ಕೇಳಿದಳು.

"ಕಸ ಎಲ್ಲ ತೆಗೆದೆ ಅತ್ತಿಗೆ."

"ಹಳೇದು ಕೊಡು."

"ಅದರ ಮೇಲೇ ಸೇವ್ ಮಾಡ್ಬಿಟ್ಟೆ. ಬೇರೆ ಕಾಪಿ ಇಲ್ಲ. ಹೋಗ್ಲಿ ಬಿಡಿ, ಅದರಲ್ಲಿ ಕ್ವಾಲಿಟಿನೇ ಇರ್ಲಿಲ್ಲ."

ಮೈದುನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒದ್ದೆ ಬಟ್ಟೆಗೆ ಕೈಚಾಚಿದ.

"ಇಲ್ಲಿ ಕೊಡಿ, ಅಣ್ಣನ ಕೈ ನಾನು ಕ್ಲೀನ್ ಮಾಡ್ತೀನಿ. ಹೀಗೇ ಕಳಿಸೋಕಾಗುತ್ತಾ?"

"ಮುಟ್ಟಬೇಡ," ಎಂದಳು.

ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಗ್ರೀಸು ಕೂತ ಆ ಬೆರಳುಗಳನ್ನು ತನ್ನೆರಡು ಅಂಗೈಗಳೊಳಗೆ ಮುಚ್ಚಿಕೊಂಡಳು.