ಐದು ಆಲ್ಬಮ್ ಬೆನ್ನು, ಒಂದು ಆಲ್ಬಮ್ ಮುಖ

ನನ್ನ ಗಂಡನಿಗೆ ಮುಖ ಬರೆಯಲು ಬರುವುದಿಲ್ಲ. ಇದು ಪ್ರಪಂಚಕ್ಕೆ ಗೊತ್ತಿಲ್ಲ. ಗೋಡೆ, ಮೋಡ, ಹರಿದ ಷೂ ಏನೇ ಕೊಡಿ, ನೋಡಿದವರು ಕಣ್ಣು ಕೀಳದ ಹಾಗೆ ಬರೆಯುತ್ತಾನೆ. ಮೂಗಿನ ಹತ್ತಿರ ಬಂದರೆ ಮಾತ್ರ ಕೈಕಾಲು ಆಡುವುದಿಲ್ಲ. ಅದಕ್ಕೇ ಒಂದು ರಾಕ್ ಬ್ಯಾಂಡಿಗೆ ಅವನು ಬರೆದುಕೊಟ್ಟ ಐದು ಆಲ್ಬಮ್‌ಗಳ ಕವರಿನ ಮೇಲೂ ಮನುಷ್ಯರು ಬೆನ್ನು ತಿರುಗಿಸಿ ನಿಂತಿದ್ದಾರೆ. ಆ ಬೆನ್ನುಗಳೆಲ್ಲ ನನ್ನವೇ. ಸ್ಟೂಲಿನ ಮೇಲೆ ಗಂಟೆಗಟ್ಟಲೆ ನಿಂತವಳು ನಾನು, ಬ್ಯಾಂಡಿನ ಹೆಸರನ್ನು ತಿದ್ದಿ ತೀಡಿ ಬರೆದವಳೂ ನಾನು. ಹಿಂಬದಿಯಲ್ಲಿ ‘ಚಿತ್ರ’ ಎಂದು ಅಚ್ಚಾಗುವುದು ಮಾತ್ರ ಅವನೊಬ್ಬನ ಹೆಸರು. ಕೇಳಿದರೆ, “ಜಾಗ ಸಾಲಲ್ಲ ಕಣೇ” ಅನ್ನುತ್ತಾನೆ. ಅಷ್ಟು ದೊಡ್ಡ ಕವರಿನಲ್ಲಿ ನನಗೊಂದು ಅಂಗುಲ ಇಲ್ಲವಂತೆ!

ಆರನೆಯ ಆಲ್ಬಮ್ಮಿಗೆ ಹಾಡುಗಾರ ಫೋನ್ ಮಾಡಿದ. “ಸಾರ್, ಈ ಸಲ ನಮ್ಮ ನಾಲ್ಕೂ ಜನರ ಮುಖ ಬೇಕು. ದೊಡ್ಡದಾಗಿ.”

ಇವನು “ಅದಕ್ಕೇನಂತೆ” ಎಂದು ಧೀರನ ಹಾಗೆ ಹೇಳಿ, ಫೋನಿಟ್ಟು ಕುರ್ಚಿಯಲ್ಲಿ ಕುಸಿದ. ಎರಡು ದಿನ ಹೆಣಗಿದ. ನಾಲ್ವರೂ ಬೇಯಿಸಿದ ಆಲೂಗಡ್ಡೆಯ ಹಾಗೆ ಕಂಡರು. ಮೂರನೆಯ ದಿನ ಬಾಯಿಬಿಟ್ಟ.

“ಮದುವೆಗೆ ಮುಂಚೆ ನೀನು ಫೋಟೋ ಸ್ಟುಡಿಯೋಗೆ ಮುಖ ಬರೆದುಕೊಡ್ತಿದ್ದೆ ಅಲ್ವಾ?”

“ಕೊಡ್ತಿದ್ದೆ. ಈಗಲೂ ಬರೀತೀನಿ. ಆದ್ರೆ ನನ್ನ ಹೆಸರು ಬರಬೇಕು. ಬರುತ್ತಾ?”

“ಜಾಗ…”

“ಹಾಗಾದ್ರೆ ಆಲೂಗಡ್ಡೇನೇ ಕಳಿಸು.”

“ಅಯ್ಯೋ, ಬರುತ್ತೆ ತಾಯಿ!”

ಅವನು ಹಿಂದಿನ ಇಟ್ಟಿಗೆ ಗೋಡೆ ಬರೆದ, ನಾನು ಮುಖಗಳನ್ನು ಬರೆದೆ. ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ನನ್ನ ಚಾಳಿ.

ಬ್ಯಾಂಡಿನವರು ನೋಡಲು ಬಂದರು. ಹಾಡುಗಾರ ತನ್ನ ಎರಡು ಗದ್ದ ನೋಡಿ ಮುಖ ಗಂಟು ಹಾಕಿಕೊಂಡ. ಗಿಟಾರಿನವನು ಬೋಳು ನೆತ್ತಿ ಸವರಿಕೊಂಡ. “ಇದು ಬೇಡ ಸಾರ್. ಹಳೇ ಥರ ಬೆನ್ನೇ ಮಾಡಿಬಿಡಿ,” ಎಂದ ಹಾಡುಗಾರ.

ಬೆನ್ನು ಬರೆಯುವುದೆಂದರೆ ಇವನಿಗೆ ನೀರು ಕುಡಿದಷ್ಟು ಸುಲಭ. ನನ್ನ ಹೆಸರಿನ ತಂಟೆಯೂ ಇಲ್ಲ. ಹ್ಞೂಂ ಅಂದೇಬಿಡುತ್ತಾನೆ ಎಂದುಕೊಂಡೆ.

ಇವನು ಬ್ರಷ್ ಕೆಳಗಿಟ್ಟ. “ಆಗಲ್ಲ. ನಂಗೆ ಮುಖ ಬರೆಯೋಕೆ ಬರಲ್ಲ ಅಂತಲೇ ಇಷ್ಟು ವರ್ಷ ಬೆನ್ನು ಬರೆದೆ. ಈ ಮುಖ ಬರೆದಿರೋದು ಇವಳು. ಬೇಡ ಅಂದ್ರೆ ಬೇರೆಯವರನ್ನ ನೋಡ್ಕೊಳ್ಳಿ.”

ಗಿಟಾರಿನವನು ಕಕ್ಕಾಬಿಕ್ಕಿಯಾದ. “ಬರಲ್ಲ ಅಂತಲಾ ಬೆನ್ನು ಬರೆದಿದ್ದು? ಸಮಾಜಕ್ಕೆ ಬೆನ್ನು ತಿರುಗಿಸಿದ ಮನುಷ್ಯ ಅಂತ ನಾನು ಸಂದರ್ಶನದಲ್ಲಿ ಅರ್ಧ ಗಂಟೆ ಕೊರೆದಿದ್ದೀನಲ್ಲ ಸಾರ್!”

ಡ್ರಮ್ಮಿನವನು ಮಾತ್ರ ಚಿತ್ರದ ಮುಂದಿನಿಂದ ಕದಲಿರಲಿಲ್ಲ. “ಯಾವ ಫೋಟೋ ತೆಗೆದ್ರೂ ನಾನು ಡ್ರಮ್ ಹಿಂದೆ ಮುಚ್ಚಿಹೋಗಿರ್ತೀನಿ. ನಮ್ಮಮ್ಮ ಹುಡುಕಿ ಹುಡುಕಿ ಸುಸ್ತಾಗ್ತಾಳೆ. ಇದೇ ಇರಲಿ ಅಕ್ಕಾ,” ಎಂದ. ಗಿಟಾರಿನವನೂ ಕೀಬೋರ್ಡಿನವನೂ ಅವನ ಕಡೆ ವಾಲಿದರು.

“ಒಂದು ಗದ್ದ ಆದ್ರೂ ಕಮ್ಮಿ ಮಾಡಿ,” ಎಂದು ಹಾಡುಗಾರ ಗೊಣಗಿದ. ನಾನು ಮಾಡಲಿಲ್ಲ.

ಹಿಂಬದಿಯ ಅಕ್ಷರಗಳನ್ನು ಈ ಸಲ ತಾನೇ ಬರೆಯುತ್ತೇನೆಂದು ಹಠ ಹಿಡಿದ ಗಂಡ, ನನಗೆ ತೋರಿಸದೆಯೇ ಪ್ರೆಸ್ಸಿಗೆ ಕೊಟ್ಟ. ನಮ್ಮ ಪಾಲಿನ ಐವತ್ತು ಪ್ರತಿಗಳು ಬಂದವು. ಪೆಟ್ಟಿಗೆ ಬಿಚ್ಚಿ ಒಂದನ್ನು ತಿರುವಿ ನೋಡಿದೆ. ‘ಚಿತ್ರ’ ಎಂಬುದರ ಮುಂದೆ ನನ್ನ ಹೆಸರಿತ್ತು. ಸೊಟ್ಟಪಟ್ಟ ಅಕ್ಷರ, ಆದರೂ ನನ್ನದೇ ಹೆಸರು. ಅದರ ಮೇಲೆ ಎರಡು ಸಲ ಬೆರಳಾಡಿಸಿದೆ. ಆಮೇಲೆ ಅವನ ಹೆಸರು ಹುಡುಕಿದೆ. ಎಲ್ಲೂ ಇರಲಿಲ್ಲ.

“ನಿಂದೆಲ್ಲಿ?”

“ನಾನು ಬರೆದದ್ದು ಬರೀ ಗೋಡೆ ತಾನೇ? ಐದು ಸಲ ನಿಂದು ಬಿಟ್ಟಿದ್ದೆ. ಒಂದ್ಸಲ ನಂದು ಇಲ್ದಿದ್ರೆ ಏನಾಯ್ತು?”

ನನಗೆ ಮೈಯೆಲ್ಲ ಉರಿದುಹೋಯಿತು. “ಬರೀ ಗೋಡೆಯಾ? ಒಂದೊಂದು ಇಟ್ಟಿಗೆಗೂ ಎಷ್ಟು ಒದ್ದಾಡಿದ್ದೀಯ ಅಂತ ನಾನು ನೋಡಿಲ್ವಾ? ಮಾಡಿದ ಕೆಲಸಕ್ಕೆ ಹೆಸರಿಲ್ದಿದ್ರೆ ಹೇಗಿರುತ್ತೆ ಅಂತ ನನ್ನ ಕೇಳು!”

ಪೆನ್ನು ತೆಗೆದು, ಆ ಪ್ರತಿಯಲ್ಲಿ ನನ್ನ ಹೆಸರಿನ ಪಕ್ಕ ಅವನದನ್ನು ಬರೆದೆ.

“ಐವತ್ತಕ್ಕೂ ಬರೀತೀಯಾ? ಹುಚ್ಚಾ ನಿಂಗೆ?”

“ಬಾಯಿ ಮುಚ್ಕೊಂಡು ಮುಂದಿನದು ಕೊಡು.”